ಬೈಯದ ಗಿರಾಕಿ

ಶಟರ್ ಧಡಾರನೆ ಕೆಳಗೆ ಬಂತು.

ಹೊರಗೆ ಅಬುಧಾಬಿಯ ಬನಿಯಾಸ್‌ನ ಆಗಸ್ಟ್ ಬಿಸಿಲು. ಒಳಗೆ ಕತ್ತಲೆ, ಆಯಿಲ್ ವಾಸನೆ, ಗುಡ್ಡೆ ಹಾಕಿದ ಕಾರಿನ ಬಾಗಿಲುಗಳು... ನನ್ನ ಎದುರು ಫ್ಲಾಯ್ಡ್. ಹಳೆ ಗಾಡಿ ಬಿಚ್ಚಿ ಬಿಡಿಭಾಗ ಮಾರುವವನು. ಕೈಯಲ್ಲಿ ಕಬ್ಬಿಣದ ಸಲಾಕೆ.

“ಯಾರು ಕಳಿಸಿದ್ದು ನಿನ್ನನ್ನು?”

“ಯಾರೂ ಇಲ್ಲ.”

“ಸುಳ್ಳು ಹೇಳ್ಬೇಡ!”

ಸುಳ್ಳಲ್ಲ. ನನ್ನನ್ನು ಯಾರೂ ಎಲ್ಲಿಗೂ ಕಳಿಸುವುದಿಲ್ಲ. ನಾನು ಮಾತಾಡುವವಳಲ್ಲ. ನೋಡುವವಳು.

ನೋಡಿದೆ. ಅವನ ಬೆನ್ನ ಹಿಂದೆ ಒಂದು ಬಿಳಿ ವ್ಯಾನ್. ನಂಬರ್ ಪ್ಲೇಟ್ ಇಲ್ಲ. ಬದಿಯ ಸ್ಟಿಕರ್ ಕೆರೆದು ತೆಗೆದಿದ್ದ. ಆದರೆ ಉಳಿದ ಅಂಟಿನ ಮೇಲೆ ಧೂಳು ಕೂತಿತ್ತು. ಆ ಧೂಳಿನಲ್ಲಿ ನಮ್ಮ ಅಂಗಡಿಯ ಫೋನ್ ನಂಬರನ್ನು ಓದಬಹುದಿತ್ತು!

“ಅದು ನಮ್ಮ ವ್ಯಾನ್,” ಎಂದೆ. “ಜೆರಾಲ್ಡ್ ಬಾಪ್ಪು ಎಲ್ಲಿ?”

ಫ್ಲಾಯ್ಡ್ ಸಲಾಕೆಯನ್ನು ಎಡಗೈಯಿಂದ ಬಲಗೈಗೆ ತಂದ.

ನನ್ನ ಬಲಗೈ ಚೂಡಿದಾರದ ಜೇಬಿನೊಳಗಿತ್ತು. ಹೆಬ್ಬೆರಳು ಮೊಬೈಲಿನ ಹಸಿರು ಬಟನ್ ಹುಡುಕುತ್ತಿತ್ತು...

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಇಲ್ಲದಿದ್ದರೆ ನಿಮಗೆ ಅರ್ಥವಾಗುವುದಿಲ್ಲ.

ಅದು 2006. ದುಬೈಯ ಅಲ್ ಕುಸೈಸ್‌ನಲ್ಲಿ ನಮ್ಮದೊಂದು ಪುಟ್ಟ ಕಾರ್ಗೋ ಅಂಗಡಿ. ಮಾಲೀಕರು ಆನ್ಸೆಲ್ಮ್ ಸರ್. ದುಬೈಯ ಟೈಲರ್, ಬೇಕರಿ, ಕನ್ನಡಕದಂಗಡಿ... ಇಂಥ ಸಣ್ಣ ವ್ಯಾಪಾರಿಗಳ ಪಾರ್ಸೆಲ್‌ಗಳನ್ನು ಅಬುಧಾಬಿ ಕಡೆಗೆ ಒಯ್ಯುವುದು ಕೆಲಸ. ಗಾಡಿ ಎರಡು. ಡ್ರೈವರ್ ಇಬ್ಬರು, ಜೆರಾಲ್ಡ್ ಮತ್ತು ಮೊಹಮ್ಮದ್. ಕಂಪ್ಯೂಟರ್ ಮುಂದೆ ನಾನು, ವೆಲಿಟಾ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು.

ಆ ವರ್ಷ ಆನ್ಸೆಲ್ಮ್ ಸರ್ ವೆಬ್‌ಸೈಟ್ ಮಾಡಿಸಿದರು. ಪಾರ್ಸೆಲ್ ನಂಬರ್ ಟೈಪ್ ಮಾಡಿದರೆ ಅದು ಎಲ್ಲಿದೆ ಎಂದು ತೋರಿಸುತ್ತಿತ್ತು. ಗಿರಾಕಿಗಳು ಬೆರಗಾದರು. ಮೇಲೆಲ್ಲೋ ಸ್ಯಾಟಲೈಟ್ ಇದೆ ಎಂದು ನಂಬಿದರು.

ಸ್ಯಾಟಲೈಟ್ ಅಂದರೆ ನಾನು!

ಡ್ರೈವರ್ ಪಾರ್ಸೆಲ್ ಕೊಟ್ಟ ಕೂಡಲೇ ಅಂಗಡಿಗೆ ಒಂದು ಮಿಸ್ಡ್ ಕಾಲ್. ಪಟ್ಟಿಯಲ್ಲಿ ಮುಂದಿನ ಪಾರ್ಸೆಲ್ ತಲುಪಿತು ಎಂದರ್ಥ. ನಾನು ‘ಡೆಲಿವರ್ಡ್’ ಒತ್ತುತ್ತೇನೆ. ಎರಡು ಮಿಸ್ಡ್ ಕಾಲ್ ಬಂದರೆ ಗಿರಾಕಿ ಮನೆಯಲ್ಲಿಲ್ಲ. ಫೋನ್ ಎತ್ತುವಂತಿಲ್ಲ. ಎತ್ತಿದರೆ ಡ್ರೈವರ್‌ನ ಬ್ಯಾಲೆನ್ಸ್ ಹೋಗುತ್ತದೆ.

“ಎತ್ತಿದ್ರೆ ನಿನ್ನ ಕೈ ಮುರೀತೇನೆ ನೋಡು ಮಗಾ,” ಎಂದು ಜೆರಾಲ್ಡ್ ಬಾಪ್ಪು ನಗುತ್ತಾ ಹೆದರಿಸುತ್ತಿದ್ದರು. ಬಾಪ್ಪು ಅಂದರೆ ನಮ್ಮ ಕೊಂಕಣಿಯಲ್ಲಿ ಚಿಕ್ಕಪ್ಪ. ಅವರು ನನ್ನ ಚಿಕ್ಕಪ್ಪನೇನಲ್ಲ. ನಾನು ಕೆಲಸಕ್ಕೆ ಬಂದ ಮೊದಲ ದಿನ, ನನ್ನ ಡಬ್ಬಿಯಲ್ಲಿ ಬರೀ ಅನ್ನ ನೋಡಿ, ತಮ್ಮ ಪಾಲಿನ ಮೀನನ್ನು ಮಾತಿಲ್ಲದೆ ಹಾಕಿದವರು.

ಸೋಮವಾರ ಮಧ್ಯಾಹ್ನ ಒಂದು ನಲವತ್ತಕ್ಕೆ ಬಾಪ್ಪುವಿನ ಕಾಲ್ ಬಂತು. ಯಾವಾಗಲೂ ಒಂದೇ ರಿಂಗ್. ಅವತ್ತು ಐದು. ಎಣಿಸಿದೆ. ಆಮೇಲೆ ನಿಂತಿತು.

ಪಟ್ಟಿಯಲ್ಲಿ ಮೊದಲನೆಯದು ಊದ್ ಮೇಥಾದ ಟೈಲರ್ ಕಳಿಸಿದ ಮದುವೆಯ ಗೌನು. ಡೆಲಿವರ್ಡ್ ಒತ್ತಿದೆ.

ಉಳಿದ ಆರರ ಕಾಲ್ ಬರಲಿಲ್ಲ. ಸೋಮವಾರ ಅವರು ಅಬುಧಾಬಿಯಲ್ಲೇ ಉಳಿಯುವ ದಿನ. ಬಿಸಿಲು ಜಾಸ್ತಿ, ನಾಳೆ ಕೊಡುತ್ತಾರೆ ಎಂದುಕೊಂಡೆ.

ಮಂಗಳವಾರ ಬೆಳಿಗ್ಗೆ ಮದುಮಗಳ ತಾಯಿಯ ಫೋನು. ಅಳು, ಬೈಗುಳ ಎರಡೂ ಒಟ್ಟಿಗೆ. “ನಿಮ್ಮ ಕಂಪ್ಯೂಟರಿನಲ್ಲಿ ಡೆಲಿವರ್ಡ್ ಅಂತ ಉಂಟು... ನಮ್ಮ ಮನೆಯಲ್ಲಿ ಗೌನು ಇಲ್ಲ!”

ಬಾಪ್ಪುವಿನ ಮೊಬೈಲ್ ಸ್ವಿಚ್ಡ್ ಆಫ್.

“ಓಡಿದ!” ಆನ್ಸೆಲ್ಮ್ ಸರ್ ಮೇಜು ಗುದ್ದಿದರು. “ಗಾಡಿ ಸಮೇತ ಓಡಿದ! ನಾಳೆ ಒಂದೂವರೆಗೆ ಲೇಬರ್ ಆಫೀಸ್ ಮುಚ್ಚುವ ಮೊದಲು ಆಬ್ಸ್ಕಾಂಡಿಂಗ್ ರಿಪೋರ್ಟ್ ಕೊಡ್ತೇನೆ. ಖಲಾಸ್!”

ಆಬ್ಸ್ಕಾಂಡಿಂಗ್. ಕೆಲಸದಿಂದ ತಲೆಮರೆಸಿಕೊಂಡವನು. ಗಲ್ಫಿನಲ್ಲಿ ಆ ಮುದ್ರೆ ಬಿದ್ದರೆ ಮುಗಿಯಿತು. ಇಪ್ಪತ್ತೆರಡು ವರ್ಷ ದುಡಿದು ಗಳಿಸಿದ ಹೆಸರು ಒಂದು ಟೋಕನ್ನಿನಲ್ಲಿ ಹೋಗುತ್ತದೆ. ಊರಲ್ಲಿ ಅವರ ಹೆಂಡತಿ ವೆರೋನಿಕಾ ಮಾವ್ಶಿ ಭಾನುವಾರ ಚರ್ಚಿಗೆ ಯಾವ ಮುಖ ಹೊತ್ತು ಹೋಗಬೇಕು?

ನಾನು ಫ್ರಿಜ್ ತೆರೆದೆ. ಮೊಸರಿನ ಪಕ್ಕದಲ್ಲಿ ಬಾಪ್ಪುವಿನ ತಿಂಗಳ ಇನ್ಸುಲಿನ್ ಹಾಗೇ ಇತ್ತು. ಜೊತೆಗೆ ಒಯ್ದದ್ದು ಒಂದು ದಿನದ್ದು ಮಾತ್ರ.

ಓಡಿಹೋಗುವವನು ಪಾಸ್‌ಪೋರ್ಟ್ ಬಿಟ್ಟು ಓಡುತ್ತಾನೆ. ಅದು ಹೇಗೂ ಮಾಲೀಕರ ಬೀರುವಿನಲ್ಲಿರುತ್ತದೆ. ಇನ್ಸುಲಿನ್ ಬಿಟ್ಟು ಓಡುವುದಿಲ್ಲ.

ಬುಧವಾರ ಬೆಳಿಗ್ಗೆ ಪಟ್ಟಿ ಮುಂದಿಟ್ಟುಕೊಂಡು ಕೂತೆ. ಏಳು ಪಾರ್ಸೆಲ್. ಏಳೂ ತಲುಪಿಲ್ಲ. ಆರು ಮಂದಿ ಬಾಯಿಗೆ ಬಂದಂತೆ ಬೈದಿದ್ದರು. ಒಬ್ಬ ಮಾತ್ರ ಬೈದಿರಲಿಲ್ಲ.

ನಾಲ್ಕನೆಯವನು. ಫ್ಲಾಯ್ಡ್, ಬನಿಯಾಸ್. ಒಂದು ಪೆಟ್ಟಿಗೆ ಕ್ಲಚ್ ಪ್ಲೇಟ್. ಮೊದಲ ಮೂರು ವಿಳಾಸಗಳಿಗೆ ಹೋಗುವ ದಾರಿ ಅವನ ಗೇಟಿನ ಎದುರೇ ಹಾದುಹೋಗುತ್ತದೆ.

ಹತ್ತು ನಿಮಿಷ ತಡವಾದರೆ ನಮ್ಮ ಏಳು ತಲೆಮಾರನ್ನೂ ಎಬ್ಬಿಸುವ ಮನುಷ್ಯ. ಎರಡು ದಿನದಿಂದ ಸುಮ್ಮನಿದ್ದಾನೆ!

ಮೊಹಮ್ಮದ್ ಭಾಯ್‌ನ ಪಿಕಪ್ ಹತ್ತಿದೆ.

“ಎಂತ ಮಾರಾಯ್ತಿ, ಸರ್‌ಗೆ ಹೇಳಿದ್ಯಾ?”

“ಇಲ್ಲ.”

“ಇಬ್ಬರ ಕೆಲಸವೂ ಹೋಗ್ತದೆ.”

“ಹೋಗಲಿ.”

“ಅಬ್ಬಾ! ನಿನಗೆ ಮಾತು ಬರ್ತದಾ!” ಗೇರ್ ಹಾಕಿದ. “ಯಲ್ಲಾ...”

ಹಾಗೆ ನಾನು ಆ ಶಟರ್ ಒಳಗೆ ಸಿಕ್ಕಿಕೊಂಡದ್ದು. ಮೊಹಮ್ಮದ್ ಭಾಯ್ ಹೊರಗೆ ಪಿಕಪ್ಪಿನಲ್ಲಿ ಕಾಯುತ್ತಿದ್ದ. ಗಂಟೆ ಹನ್ನೆರಡೂವರೆ.

“ಕೂತ್ಕೊ ಅಲ್ಲಿ,” ಎಂದ ಫ್ಲಾಯ್ಡ್. “ಸಂಜೆಗೆ ಈ ಗಾಡಿ ಬಿಚ್ಚಿ ಆಗ್ತದೆ. ಆಮೇಲೆ ಯಾರಿಗೆ ಬೇಕಾದ್ರೂ ಹೇಳು.”

“ಬಾಪ್ಪು ಎಲ್ಲಿ?”

“ನಾನು ಕೊಂದಿಲ್ಲ!”

ಕೊಂದೆಯಾ ಎಂದು ನಾನು ಕೇಳಿರಲಿಲ್ಲ.

ಸುಮ್ಮನೆ ಅವನನ್ನೇ ನೋಡುತ್ತಾ ನಿಂತೆ. ಸುಮ್ಮನಿರುವವರ ಎದುರು ಜನ ತಾವಾಗಿಯೇ ಮಾತಾಡುತ್ತಾರೆ. ನನಗೆ ಗೊತ್ತಿರುವ ಒಂದೇ ವಿದ್ಯೆ ಅದು.

“ಗೇಟಿನ ಎದುರು ಗಾಡಿ ನಿಂತಿತ್ತು,” ಎಂದ. “ಮುದುಕ ಸ್ಟೇರಿಂಗ್ ಮೇಲೆ ಬಿದ್ದಿದ್ದ. ಮೈಯೆಲ್ಲ ಬೆವರು. ಫೋನ್ ಕಿವಿಗೆ ಇಟ್ಕೊಂಡಿದ್ದ. ‘ಎತ್ತು ಮಗಾ, ಎತ್ತು’ ಅಂತಿದ್ದ... ಯಾರೂ ಎತ್ಲಿಲ್ಲ. ಫೋನ್ ಕೈಯಿಂದ ಜಾರಿತು.”

ಐದು ರಿಂಗ್.

“ಆಸ್ಪತ್ರೆಗೆ...?”

“ನನ್ನ ಯಾರ್ಡಿಗೆ ಲೈಸೆನ್ಸ್ ಇಲ್ಲ. ಪೊಲೀಸ್ ಬಂದ್ರೆ ಮೊದಲು ನಾನು ಒಳಗೆ! ಇಲ್ಲೇ ಎಸಿಯಲ್ಲಿ ಮಲಗಿಸಿದೆ, ಏಳ್ತಾನೆ ಅಂತ. ಏಳ್ಲಿಲ್ಲ. ಸಂಜೆ ಇಲ್ಲಿಯ ಸರ್ಕಾರಿ ಆಸ್ಪತ್ರೆ ಬಾಗಿಲಲ್ಲಿ ಇಳಿಸಿ ಬಂದೆ.”

“ಹೆಸರು ಹೇಳದೆ?”

“ಹೇಳಿದ್ರೆ ನನ್ನ ಹೆಸರೂ ಕೇಳ್ತಾರಲ್ಲ!” ಅವನ ಸ್ವರ ಏರಿತು. “ವ್ಯಾನ್ ವಾಪಸ್ ಕೊಡುವ ಅಂತಲೇ ಇದ್ದೆ. ನಿಮ್ಮವರು ಹುಡುಕ್ತಾರಾ ಅಂತ ಗೌನಿನ ಪೆಟ್ಟಿಗೆಯ ನಂಬರ್ ನಿಮ್ಮ ವೆಬ್‌ಸೈಟಿಗೆ ಹಾಕಿ ನೋಡಿದೆ. ಡೆಲಿವರ್ಡ್! ಪೆಟ್ಟಿಗೆ ನನ್ನ ಕಾಲಬುಡದಲ್ಲಿ ಉಂಟು... ನಿಮ್ಮ ಲೆಕ್ಕದಲ್ಲಿ ಡೆಲಿವರ್ಡ್! ಸರಿ, ಯಾರೂ ಬರ್ಲಿಕ್ಕಿಲ್ಲ ಅಂತ ಗೊತ್ತಾಯ್ತು.”

ಅವನಿಗೆ ಸಲಾಕೆ ಬೇಕಿರಲಿಲ್ಲ. ಹೊಡೆತ ಬಿದ್ದಾಗಿತ್ತು.

ಹೆಬ್ಬೆರಳು ಹಸಿರು ಬಟನ್ ಒತ್ತಿ ಎಷ್ಟೋ ಹೊತ್ತಾಗಿತ್ತು. ಮೊಹಮ್ಮದ್ ಭಾಯ್, ಯಾರು ಮಿಸ್ಡ್ ಕಾಲ್ ಕೊಟ್ಟರೂ ಮೊದಲ ರಿಂಗಿಗೇ ಎತ್ತಿಬಿಡುವ ಮನುಷ್ಯ. ಎಲ್ಲರ ಬ್ಯಾಲೆನ್ಸ್ ತಿನ್ನುತ್ತಾನೆ ಎಂದು ಇಡೀ ಅಂಗಡಿ ಅವನಿಗೆ ಬೈಯುತ್ತಿತ್ತು. ಅವತ್ತೂ ಎತ್ತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

ಢಮಾರ್!

ಪಿಕಪ್ಪಿನ ಹಿಂಭಾಗ ಶಟರಿಗೆ ಬಡಿಯಿತು. ತಗಡು ಬಾಗಿ, ಕೆಳಗೆ ಬೆಳಕಿನ ಸೀಳು ಬಿತ್ತು. ಫ್ಲಾಯ್ಡ್ ಅತ್ತ ತಿರುಗಿದ. ನಾನು ಶಟರ್ ಕಡೆ ಓಡಲಿಲ್ಲ. ವ್ಯಾನಿಗೆ ಓಡಿದೆ! ಬಾಪ್ಪು ಪರ್ಸನ್ನು ಯಾವಾಗಲೂ ಡ್ಯಾಶ್‌ಬೋರ್ಡಿನಲ್ಲಿ ಇಡುತ್ತಿದ್ದರು. ಸಿಕ್ಕಿತು. ಲೇಬರ್ ಕಾರ್ಡ್, ಅದರಲ್ಲಿ ಫೋಟೋ.

“ಬಾಗು ತಂಗಿ!” ಹೊರಗಿನಿಂದ ಕೂಗು.

ಬಾಗಿದೆ. ಸಲಾಕೆ ತಲೆ ತಪ್ಪಿಸಿ ಹೆಗಲಿಗೆ ಬಿತ್ತು. ತೆವಳಿ ಹೊರಬಿದ್ದೆ.

“ಓಡಿಸಿ!”

ಹಿಂದೆ ಫ್ಲಾಯ್ಡ್‌ನ ಜೀಪು. ಮೊಹಮ್ಮದ್ ಭಾಯ್ ರೌಂಡಬೌಟನ್ನು ಎರಡು ಸುತ್ತು ಹೊಡೆದ. ಮೂರನೆಯದಕ್ಕೆ ಪೊಲೀಸ್ ಕಾರೊಂದು ಎದುರಾಯಿತು. ಕನ್ನಡಿಯಲ್ಲಿ ಜೀಪು ಸಣ್ಣದಾಗಿ, ಇಲ್ಲವಾಯಿತು.

ಒಂದು ಗಂಟೆ ಐದು ನಿಮಿಷ. ಆನ್ಸೆಲ್ಮ್ ಸರ್‌ಗೆ ಫೋನ್ ಮಾಡಿದೆ.

“ನನ್ನದು ಟೋಕನ್ ನಲವತ್ತೊಂದು,” ಎಂದರು. “ಈಗ ಮೂವತ್ತಾರು ನಡೀತಾ ಉಂಟು.”

“ಕೊಡಬೇಡಿ ಸರ್! ಅವರು ಓಡಿಲ್ಲ!”

“ಮತ್ತೆ ಎಲ್ಲಿದ್ದಾನೆ? ಅದು ಹೇಳು. ಅವನು ನನ್ನ ಗಾಡಿಯಲ್ಲಿ ಎಂತಾದ್ರೂ ಮಾಡಿದ್ರೆ ನಾಳೆ ನನ್ನ ಕುತ್ತಿಗೆ ಹಿಡೀತಾರೆ ವೆಲಿಟಾ. ನನಗೂ ಮಕ್ಕಳಿದ್ದಾರೆ.”

“ಲೈನ್ ಕಟ್ ಮಾಡಬೇಡಿ!”

ನಾನು ಯಾರಿಗಾದರೂ ಆಜ್ಞೆ ಮಾಡಿದ್ದು ಜೀವನದಲ್ಲಿ ಅದೇ ಮೊದಲು. ಅವರು ಕಟ್ ಮಾಡಲಿಲ್ಲ.

ಆಸ್ಪತ್ರೆ. ಎಮರ್ಜೆನ್ಸಿ ಕೌಂಟರಿನಲ್ಲಿ ನಮ್ಮ ಕಡೆಯ ನರ್ಸ್, ಜೋಸ್ಫಿನ್ ಎಂದು ಎದೆಯ ಮೇಲೆ ಹೆಸರು. ಲೇಬರ್ ಕಾರ್ಡ್ ಮುಂದೆ ಹಿಡಿದೆ. ಅವಳು ಫೋಟೋ ನೋಡಿದಳು. ನನ್ನನ್ನು ನೋಡಿದಳು.

“ಕೂತ್ಕೊಳ್ಳಿ.”

ಕೂರಲಿಲ್ಲ. ಹಾಗೆ ಹೇಳುವುದು ಯಾಕೆಂದು ನನಗೆ ಗೊತ್ತು.

“ಇವತ್ತು ಬೆಳಿಗ್ಗೆ ಆರಕ್ಕೆ ಹೋಗಿಬಿಟ್ಟರು,” ಎಂದಳು. “ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟಿರಬೇಕು. ಶುಗರ್ ತೀರಾ ಇಳಿದಿತ್ತು. ತರುವಾಗ್ಲೇ ತಡ ಆಗಿತ್ತು... ಆ ಹೊತ್ತಿಗೇ ಯಾರಾದ್ರೂ ಒಂದು ಗ್ಲಾಸ್ ಜ್ಯೂಸ್ ಕುಡಿಸಿದ್ರೆ ಸಾಕಿತ್ತು.”

ಒಂದು ಗ್ಲಾಸ್ ಜ್ಯೂಸ್!

ಕೈಯಲ್ಲಿದ್ದ ಮೊಬೈಲಿನಿಂದ ಸಣ್ಣ ಸ್ವರ ಬರುತ್ತಿತ್ತು. “ಹಲೋ! ಹಲೋ! ನನ್ನ ನಂಬರ್ ಕರೆದರು! ಎಲ್ಲಿದ್ದಾನೆ ಅವನು?”

“ಇಲ್ಲೇ ಇದ್ದಾರೆ ಸರ್. ಆಸ್ಪತ್ರೆಯಲ್ಲಿ. ಸೋಮವಾರದಿಂದ.”

“ಹೇಗಿದ್ದಾನೆ?”

“ಆ ಕಾಗದ ಹರಿದು ಹಾಕಿ ಸರ್.”

ಅವರಿಗೆ ಅರ್ಥವಾಯಿತು. ಕಾಗದ ಹರಿಯುವ ಸದ್ದು ಕೇಳಿತು. ಆಮೇಲೆ ಅಷ್ಟು ಜನರ ನಡುವೆ ಒಬ್ಬ ಗಂಡಸು ಅಳುವ ಸದ್ದು.

ಅಂದೇ ಸಂಜೆ ಫ್ಲಾಯ್ಡ್ ಸಿಕ್ಕಿಬಿದ್ದ. ಪೊಲೀಸರಿಗೆ ಎಲ್ಲವನ್ನೂ ಹೇಳಿದೆ. ಅವನು ಮಾಡಿದ್ದನ್ನು, ನಾನು ಒತ್ತಿದ್ದನ್ನು. ಅವನದನ್ನು ಬರೆದುಕೊಂಡರು. ನನ್ನದು ಅಪರಾಧವಲ್ಲವಂತೆ. ಬರೆದುಕೊಳ್ಳಲಿಲ್ಲ. ಗೌನನ್ನು ಮೊಹಮ್ಮದ್ ಭಾಯ್ ಮುಟ್ಟಿಸಿದ. ಮದುವೆ ಚೆನ್ನಾಗಿ ಆಯಿತಂತೆ.

ಬಾಪ್ಪುವಿನ ಹೆಸರಿಗೆ ಮುದ್ರೆ ಬೀಳಲಿಲ್ಲ. ಅಷ್ಟು ಗೆದ್ದೆ. ಉಳಿದದ್ದು ವೆರೋನಿಕಾ ಮಾವ್ಶಿಗೆ ಫೋನ್ ಮಾಡುವುದು. ಆನ್ಸೆಲ್ಮ್ ಸರ್ ಮೂರು ಸಲ ನಂಬರ್ ಒತ್ತಿ, ಮೂರು ಸಲವೂ ರಿಸೀವರ್ ಇಟ್ಟರು. ನಾನು ಮಾಡಿದೆ.

ಮಾವ್ಶಿ ತುಂಬಾ ಹೊತ್ತು ಅತ್ತರು. ಆಮೇಲೆ ಕೇಳಿದರು.

“ಕೊನೆಗೆ ಯಾರಿಗಾದರೂ ಫೋನ್ ಮಾಡಿದ್ರಾ ಮಗಾ ಅವರು?”

ಇಲ್ಲ ಎನ್ನಬಹುದಿತ್ತು. ಆಗದ್ದನ್ನು ಆಯಿತೆಂದು ತೋರಿಸಿದವಳಿಗೆ ಆದದ್ದನ್ನು ಇಲ್ಲವೆನ್ನುವುದು ಕಷ್ಟವೇ?

“ನನಗೆ ಮಾಡಿದರು, ಮಾವ್ಶಿ.”

“ಎಂತ ಹೇಳಿದರು?”

“...ನಾನು ಎತ್ತಲಿಲ್ಲ.”

ಬೈಯುತ್ತಾರೆ ಎಂದು ಕಾದೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ.

“ಎತ್ತಬೇಕಿತ್ತಲ್ಲ ಮಗಾ,” ಎಂದರು, ಅಷ್ಟೇ. ಫೋನ್ ಇಟ್ಟರು.

ಆಮೇಲೂ ಹತ್ತು ವರ್ಷ ನಾನು ಅದೇ ಕುರ್ಚಿಯಲ್ಲಿ ಕೂತೆ. ಸಾವಿರ ಕಂಪ್ಲೇಂಟ್ ಬಂದಿರಬೇಕು, ಎಲ್ಲವನ್ನೂ ಕ್ಲೋಸ್ ಮಾಡಿದ್ದೇನೆ. ಅದೊಂದು ಮಾತ್ರ ಇನ್ನೂ ಓಪನ್ ಇದೆ.