ಕೆಂಪು ಬಟ್ಟೆ ಕಟ್ಟಿದ ಸೈಕಲ್

ಅಂದು ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ದಿನವೂ ಕಣ್ಣುಮುಚ್ಚಿ ಬರುವ ದಾರಿಯನ್ನೇ ಕಡ್ಡಿ ಎರಡು ಸಲ ತಪ್ಪಿದಳು. ಪಕ್ಕದಲ್ಲಿ ಕಾಲುವೆ ಇತ್ತು, ಕಾಣುತ್ತಿರಲಿಲ್ಲ. ಈ ಜನ ಇನ್ನೊಂದು ಗಳಿಗೆ ಮಲಗಲಿ ಎಂದು ಭಗವಂತನೇ ಬಿಳಿ ಹೊದಿಕೆ ಎಳೆದುಬಿಟ್ಟ ಹಾಗಿತ್ತು.

ಏಳು ಗಂಟೆಗೆ ಬಾಡಿಗೆ ಸೈಕಲ್ ಅಂಗಡಿಯ ಹಿಂಬಾಗಿಲಿನ ಬೀಗ ತೆಗೆಯಲು ಹೋದರೆ— ಬಾಗಿಲು ತೆರೆದೇ ಇತ್ತು.

ಒಳಗೆ ಹೋಗಿ ದೀಪ ಹಾಕಿದಳು. ಗೋಡೆಯ ಕೊಕ್ಕೆಗಳಲ್ಲಿ ಎಂಟು ಸೈಕಲ್ ತೂಗುತ್ತಿದ್ದವು. ರಿಪೇರಿ ಮೂಲೆಯಲ್ಲಿ ನಿಲ್ಲಿಸಿದ್ದ ಒಂಬತ್ತನೆಯದು ಇರಲಿಲ್ಲ. ಮೇಜಿನ ಕೆಳಗೆ ಬಗ್ಗಿ ನೋಡಿದಳು. ತಗಡಿನ ಪೆಟ್ಟಿಗೆಯೂ ಇರಲಿಲ್ಲ.

ಸೈಕಲ್ ಹೋದರೆ ಯಜಮಾನನದು ಹೋಯಿತು. ಆ ಪೆಟ್ಟಿಗೆಯಲ್ಲಿ ಇದ್ದದ್ದು ಅವಳದು.

ಚಕ್ರದ ಕಡ್ಡಿಯಂತೆ ಸಣ್ಣಗೆ ಇದ್ದಳೆಂದು ಅವಳಿಗೆ ಆ ಹೆಸರು ಬಿದ್ದಿತ್ತು. ಆರು ವರ್ಷದ ಕೆಳಗೆ ಇಲ್ಲಿ ಮೆಕ್ಯಾನಿಕ್ ಆಗಿ ಸೇರುವಾಗ, ತರಬೇತಿ ಶಾಲೆಯ ಸರ್ಟಿಫಿಕೇಟಿನ ಮೂಲ ಪ್ರತಿಯನ್ನು ಯಜಮಾನ ಆ ಪೆಟ್ಟಿಗೆಯಲ್ಲಿ ತೆಗೆದಿಟ್ಟುಕೊಂಡಿದ್ದ. "ಭದ್ರವಾಗಿರುತ್ತೆ" ಅಂದಿದ್ದ. ಭದ್ರವಾಗಿಯೇ ಇತ್ತು, ಎರಡು ಸಲ ಕೇಳಿದರೂ ಹೊರಗೆ ಬರದಷ್ಟು ಭದ್ರವಾಗಿ. ಈಗ ಪಕ್ಕದ ಪಟ್ಟಣದ ದೊಡ್ಡ ವರ್ಕ್‌ಶಾಪಿನವರು ಅವಳನ್ನು ಕರೆದಿದ್ದರು. ಈ ದಿನ ಹತ್ತು ಗಂಟೆಗೆ ಮೂಲ ಪ್ರತಿ ಹಿಡಿದು ನಿಂತರೆ ಕೆಲಸ. ಇಲ್ಲದಿದ್ದರೆ ಮುಂದಿನವರಿಗೆ. ಬಸ್ಸು ಎಂಟೂವರೆಗೆ.

ಊರಂಚಿನ ಆ ಅಂಗಡಿಯಿಂದ ಮೂರು ದಾರಿ ಹೊರಡುತ್ತಿದ್ದವು— ಕಾಲುವೆಯ ಏರಿ, ಹಳಿ ಕಿತ್ತ ಹಳೆಯ ರೈಲುದಾರಿ, ನೀಲಗಿರಿ ತೋಪಿನ ಕಾಲುದಾರಿ. ಸದ್ದುಗದ್ದಲ ಬೇಡವೆನ್ನುವವರು ಬಂದು ಸೈಕಲ್ ಬಾಡಿಗೆಗೆ ಹಿಡಿದು ಅಲ್ಲಿ ಅಡ್ಡಾಡುತ್ತಿದ್ದರು. ಮೂರೂ ಸುತ್ತಿ ಬಳಸಿ ಅಂಗಡಿಯ ಬಾಗಿಲಿಗೇ ಬಂದು ಸೇರುತ್ತಿದ್ದವು. ಮೊದಮೊದಲು ಇದು ಕಡ್ಡಿಗೆ ಚಂದವೆನಿಸಿತ್ತು. ಈಚೆಗೆ ಉಸಿರು ಕಟ್ಟುತ್ತಿತ್ತು.

ಮೇಲಿನ ಮನೆಯಿಂದ ಯಜಮಾನ ಇಳಿದುಬಂದ. ಹಿಂದೆಯೇ ಅವನ ಅಕ್ಕ— ಎಲ್ಲರಿಗೂ ದೊಡ್ಡಕ್ಕ— ಬಂದು ತನ್ನ ಮೇಜಿನ ಹಿಂದೆ ಕೂತಳು. ಗಿರಾಕಿಗಳ ಸರದಿ ಬರೆಯುವುದು ಅವಳ ಕೆಲಸ.

"ಪೆಟ್ಟಿಗೆ ಎಲ್ಲಿ?"

"ನಾನು ಬಂದಾಗ್ಲೇ ಇರ್ಲಿಲ್ಲ, ಯಜಮಾನ್ರೇ."

"ಬಾಗಿಲು ಮುರಿದಿದ್ಯಾ? ಇಲ್ಲ. ಬೀಗ ಒಡೆದಿದ್ಯಾ? ಇಲ್ಲ. ಕೀಲಿ ಇರೋದು ಎರಡೇ. ಒಂದು ನಮ್ಮನೆ ಮೊಳೇಲಿ, ಒಂದು ನಿನ್ನ ಸೊಂಟದಲ್ಲಿ. ನಾನೇನು ಬಾಯಿಗೆ ಬೆರಳಿಟ್ಟರೂ ಕಚ್ಚದ ಮಗು ಅನ್ಕೊಂಡ್ಯಾ?"

"ನನ್ನ ಸರ್ಟಿಫಿಕೇಟ್ ನಾನೇ ಕದೀತೀನಾ? ಇವತ್ತು ಬೆಳಗ್ಗೆ ಕೊಡ್ತೀನಿ ಅಂತ ಇನ್ಸ್‌ಪೆಕ್ಟರ್ ಸಾಹೇಬ್ರ ಎದುರಿಗೆ ಮಾತು ಕೊಟ್ಟಿದ್ರಲ್ಲ ನೀವು!"

ಹೇಳುತ್ತಿದ್ದಂತೆಯೇ ಅವಳ ತಲೆಯಲ್ಲಿ ಮಿಂಚಿತು. ಕೊಡಲು ಮನಸ್ಸಿಲ್ಲದವನಿಗೆ ಪೆಟ್ಟಿಗೆಯೇ ಕಳೆದುಹೋದರೆ ಎಷ್ಟು ಅನುಕೂಲ!

ಯಜಮಾನ ಹಿಂಬಾಗಿಲಿಗೆ ಚಿಲಕ ಜಡಿದ. ಮುಂದಿನ ಶಟರ್ ಹೇಗೂ ಇಳಿದೇ ಇತ್ತು. "ಪೆಟ್ಟಿಗೆ ಸಿಗೋವರೆಗೂ ಯಾರೂ ಆಚೆ ಹೋಗೋ ಹಾಗಿಲ್ಲ."

ಕಡ್ಡಿ ಕಿಟಕಿಯ ಸರಳುಗಳನ್ನು ನೋಡಿದಳು. ಆಚೆ ಮಂಜು. ಗಡಿಯಾರ ಏಳೂ ಇಪ್ಪತ್ತು ತೋರಿಸುತ್ತಿತ್ತು.

ಆಗ ಶಟರನ್ನು ಯಾರೋ ತಟ್ಟಿದರು. ಆ ತಟ್ಟುವಿಕೆ ಮೂವರಿಗೂ ಗೊತ್ತಿತ್ತು. ನಿವೃತ್ತ ಇನ್ಸ್‌ಪೆಕ್ಟರ್ ಸಾಹೇಬರು! ಮಂಡಿನೋವಿಗೆ ಸೈಕಲ್ ತುಳಿಯಿರಿ ಎಂದು ಡಾಕ್ಟರು ಹೇಳಿದ ಮೇಲೆ, ದಿನವೂ ನಾಲ್ಕನೇ ನಂಬರಿನ ಸೈಕಲ್ ಹಿಡಿದು ನಡೆಯುವವರಿಗಿಂತ ನಿಧಾನವಾಗಿ ಕಾಲುವೆ ಏರಿ ಸುತ್ತುತ್ತಿದ್ದರು.

ಶಟರ್ ಸೊಂಟದವರೆಗೆ ಎದ್ದಿತು. ಮೊದಲು ಒಂದು ಚಕ್ರ ಒಳಬಂತು, ಆಮೇಲೆ ಸಾಹೇಬರು.

"ನಿಮ್ಮ ಒಂಬತ್ತನೇದು ಕಾಲುವೆ ಕವಲಿನ ಹತ್ರ ಹುಲ್ಲಿನಲ್ಲಿ ಮಲಗಿತ್ತು. ಹಿಡಿಕೇಲಿ ಕೆಂಪು ಬಟ್ಟೆ ಇದೆಯಲ್ಲ, ಕೆಟ್ಟಿದೆ ಅಂತ ಗೊತ್ತಾಯ್ತು. ಹತ್ತಲಿಲ್ಲ, ತಳ್ಕೊಂಡು ಬಂದೆ. ಅರ್ಧ ಮೈಲಿ! ನನ್ನ ಮಂಡಿ ನಿಮಗೆ ಶಾಪ ಹಾಕ್ತಾ ಇದೆ."

"ಪೆಟ್ಟಿಗೆ ಇರ್ಲಿಲ್ವಾ?"

"ಯಾವ ಪೆಟ್ಟಿಗೆ?"

ಯಜಮಾನ ನಡೆದದ್ದನ್ನು ಹೇಳಿದ. ಸಾಹೇಬರು ಸ್ಟೂಲಿನ ಮೇಲೆ ಕೂತು, ಮಂಡಿ ನೀವುತ್ತ ಕೇಳಿಸಿಕೊಂಡರು. ಶಟರ್ ಮತ್ತೆ ಇಳಿಯಿತು.

"ಈ ಸೈಕಲ್‌ಗೆ ಏನಾಗಿದೆ, ಕಡ್ಡಿ?"

"ಎಡಗಡೆ ಪೆಡಲ್‌ದು ತಿರುಪಿನ ಥ್ರೆಡ್ ಸವೆದು ಸಡಿಲ ಆಗಿದೆ, ಸಾಹೇಬ್ರೇ. ತೋಪಲ್ಲಿ ಹಕ್ಕಿ ನೋಡೋಕೆ ಹೋಗ್ತಾರಲ್ಲ, ಆ ಹಕ್ಕಿ ಮೇಷ್ಟ್ರು ನಿನ್ನೆ ಸಾಯಂಕಾಲ ದೂರು ಹೇಳಿ ವಾಪಸ್ ಕೊಟ್ರು. ಕೆಟ್ಟಿದ್ದಕ್ಕೆ ಕೆಂಪು ಬಟ್ಟೆ ಕಟ್ಟೋದು ನಮ್ಮಲ್ಲಿ ವಾಡಿಕೆ. ಕಟ್ಟಿ, ಪೆಡಲ್ ಕಳೆದುಹೋಗದಿರಲಿ ಅಂತ ಕೈಯಲ್ಲೇ ಎರಡು ಸುತ್ತು ತಿರುಗಿಸಿ ಬಿಟ್ಟಿದ್ದೆ."

"ಹಕ್ಕಿ ಮೇಷ್ಟ್ರ ಮೇಲೆ ಅನುಮಾನ ಇದೆಯಾ?"

ಯಜಮಾನ ನಕ್ಕ. "ಅವ್ರು ಕದ್ದರೆ ಹಕ್ಕಿಗೂಡು ಕದೀಬೇಕು ಅಷ್ಟೆ. ನೇರವಾಗಿ ಇವಳನ್ನ ಕೇಳಿ. ರಾತ್ರಿ ಬೆಳಗಾಗೋದ್ರೊಳಗೆ ಸರ್ಟಿಫಿಕೇಟ್ ಹಾರಿಸಿ, ಹೊರಗಿನ ಕಳ್ಳ ಬಂದಿದ್ದ ಅನ್ನೋ ಹಾಗೆ ಸೈಕಲ್ ಬಿಸಾಕಿ ಬಂದಿದ್ದಾಳೆ."

"ನೀವು?"

"ನಾನಾ? ನನ್ನ ಅಂಗಡಿ, ನನ್ನ ಪೆಟ್ಟಿಗೆ!"

"ನಿಮ್ಮಕ್ಕ?"

"ಅಕ್ಕನ್ನ ಬಿಡಿ, ಸಾಹೇಬ್ರೇ." ಯಜಮಾನ ಕೈ ಬೀಸಿದ. "ಸೈಕಲ್ ಅಂಗಡೀಲೇ ಬೆಳೆದ್ಲು, ಇವತ್ತಿನವರೆಗೂ ಒಂದು ಸಲ ಹತ್ತಿದವಳಲ್ಲ. ಸಣ್ಣವಳಿದ್ದಾಗ ಬಿದ್ದು ಹಲ್ಲು ಮುರ್ಕೊಂಡ್ಲು, ಅಲ್ಲಿಗೆ ಮುಗೀತು. ಅವಳೆಲ್ಲಿ, ಕವಲೆಲ್ಲಿ?"

ದೊಡ್ಡಕ್ಕ ತಲೆಯೆತ್ತಲಿಲ್ಲ. "ಎಂಟು ಗಂಟೆಗೆ ಎಂಟು ಜನ ಬರ್ತಾರೆ," ಎಂದಳು ಪುಸ್ತಕ ನೋಡುತ್ತ. "ಒಂದೇ ಮನೆಯವರು. ಹೋದ ವಾರವೇ ಹೇಳಿಟ್ಟಿದ್ದಾರೆ. ಸೀಟು ಒರೆಸಬೇಕು."

"ಮನೆ ಹೊತ್ತಿ ಉರೀತಿದ್ರೂ ನಿಂಗೆ ಸೀಟಿನ ಚಿಂತೆ!" ಯಜಮಾನ ರೇಗಿದ.

ಸಾಹೇಬರು ಸುಮ್ಮನೆ ಸೈಕಲ್ ನೋಡುತ್ತಿದ್ದರು. ಎಷ್ಟು ಹೊತ್ತು! ಪೂಜೆಗೆ ಕೂತವರ ಹಾಗೆ, ಅವಸರವೆಂಬುದೇ ಇಲ್ಲ. ಕಡ್ಡಿಗೆ ಎದ್ದು ಅವರ ಭುಜ ಅಲುಗಿಸಬೇಕೆನಿಸಿತು. ಗೋಡೆಯ ಮೇಲಿನ ಎಂಟು ಸೈಕಲ್‌ಗಳು ಇನ್ನಷ್ಟು ಹತ್ತಿರ ಸರಿದಂತಿತ್ತು. ಏಳೂ ಐವತ್ತು.

"ಯಜಮಾನ್ರೇ, ಇದನ್ನ ಒಮ್ಮೆ ಹತ್ತಿ, ನೋಡೋಣ," ಎಂದರು ಸಾಹೇಬರು.

"ಯಾಕೆ?"

"ಹತ್ತಿ ಅಂದೆ."

ಯಜಮಾನ ಹಿಡಿಕೆ ಹಿಡಿದು, ಅಭ್ಯಾಸದಂತೆ ಎಡಗಾಲನ್ನು ಪೆಡಲಿನ ಮೇಲಿಟ್ಟು ಭಾರ ಬಿಟ್ಟ. ಟಣ್! ಪೆಡಲು ಕಿತ್ತು ನೆಲಕ್ಕೆ ಬಿತ್ತು. ಯಜಮಾನ ಮುಗ್ಗರಿಸಿ ಮೇಜು ಹಿಡಿದುಕೊಂಡ.

"ಅಯ್ಯೋ! ಹೇಳಬಾರದಿತ್ತಾ?"

"ಅವಳು ಹೇಳಿದ್ಲಲ್ಲ. ನೀವು ಕೇಳಿಸ್ಕೊಳ್ಳಲಿಲ್ಲ." ಸಾಹೇಬರು ಬಗ್ಗಿ ಪೆಡಲನ್ನು ಎತ್ತಿಕೊಂಡರು. "ನಾಲ್ವರೂ ಬೆಳಗ್ಗೆಯಿಂದ ಇದನ್ನೇ ನೋಡ್ತಾ ಇದ್ದೀವಿ, ಯಾರ ಕಣ್ಣಿಗೂ ಬೀಳಲಿಲ್ಲ. ಇದು ಕವಲಿನವರೆಗೆ ಹೋಗಿದೆ. ಆದ್ರೂ ಪೆಡಲು ಇದ್ದಲ್ಲೇ ಇತ್ತು. ಅಂದ್ರೆ ಏನು?"

ಕಡ್ಡಿ ಮುಂದೆ ಬಂದಳು. "ಯಾರೂ ತುಳಿದಿಲ್ಲ. ತಳ್ಕೊಂಡು ಹೋಗಿದ್ದಾರೆ!"

"ಹೌದು. ಅರ್ಧ ಮೈಲಿ, ಕೆಸರಲ್ಲಿ. ಯಾಕೆ? ಗೋಡೆ ಮೇಲೆ ಎಂಟು ಒಳ್ಳೆ ಸೈಕಲ್ ಇವೆ. ಕಡ್ಡಿಗೆ ಪೆಡಲಿನ ವಿಷಯ ಗೊತ್ತು, ಮೇಷ್ಟ್ರಿಗೂ ಗೊತ್ತು, ನಿಮಗೆ ಕೆಂಪು ಬಟ್ಟೆ ಅಂದ್ರೆ ಏನಂತ ಗೊತ್ತು. ಮೂವರಲ್ಲಿ ಯಾರೇ ಆದ್ರೂ ಒಳ್ಳೇದನ್ನ ಇಳಿಸಿ ಐದು ನಿಮಿಷದಲ್ಲಿ ಹೋಗಿ ಬರ್ತಿದ್ರು. ಇನ್ನೊಂದು ಮಾತು. ಸರ್ಟಿಫಿಕೇಟ್ ಕೈಗೆ ಸಿಕ್ಕಿದ ಮೇಲೆ ಕಡ್ಡಿ ಇಲ್ಲಿಗೆ ಬಂದು ನಿಮ್ಮ ಬೈಗುಳ ಯಾಕೆ ತಿಂತಾಳೆ? ಬಸ್ ನಿಲ್ದಾಣದಲ್ಲಿ ಇರ್ತಿದ್ಲು."

"ಹಾಗಾದ್ರೆ ಯಾರು?"

"ಕೆಟ್ಟ ಸೈಕಲನ್ನೇ ಯಾರು ಆರಿಸ್ಕೊಳ್ತಾರೆ? ಕೆಟ್ಟಿದ್ರೂ ಒಳ್ಳೇದಿದ್ರೂ ಒಂದೇ ಅನ್ನೋರು. ಹತ್ತೋಕೇ ಬಾರದವರು. ಅದಕ್ಕಿಂತ ಹೆಚ್ಚಾಗಿ—" ಸಾಹೇಬರ ದನಿ ಮೆತ್ತಗಾಯಿತು. "ಕಳ್ಳತನ ಮಾಡೋವಾಗಲೂ, ಎಂಟು ಗಂಟೆಗೆ ಬರೋ ಎಂಟು ಜನಕ್ಕೆ ಸೈಕಲ್ ಕಮ್ಮಿ ಬೀಳಬಾರದು ಅಂತ ಯೋಚಿಸೋರು. ಅಂಥವರು ಈ ಅಂಗಡೀಲಿ ಒಬ್ಬರೇ. ಅಕ್ಕನಿಗೆ ಸೈಕಲ್ ಬರಲ್ಲ, ಅವಳನ್ನ ಬಿಡಿ ಅಂದ್ರಿ, ಯಜಮಾನ್ರೇ. ನೀವು ಬಿಡಿಸೋಕೆ ಹೇಳಿದ ಆ ಮಾತೇ ಅವರನ್ನ ಹಿಡಿದುಕೊಡ್ತು."

ದೊಡ್ಡಕ್ಕ ಪೆನ್ನನ್ನು ಮೇಜಿನ ಮೇಲಿಟ್ಟಳು.

"ಅಕ್ಕಾ?" ಯಜಮಾನ ಅವಳ ಕಡೆ ತಿರುಗಿದ. "ನೀನಾ?"

"ಐದು ಗಂಟೆಗೆ ಎದ್ದೆ. ಕೀಲಿ ಮೊಳೇಲೇ ಇತ್ತು. ಹೊರಗಿನವರು ಅಂತ ತಿಳಿಯಲಿ ಅಂತ ಅದನ್ನ ತಳ್ಕೊಂಡು ಹೋದೆ. ಅವಳ ಮೇಲೆ ಬರುತ್ತೆ ಅಂತ ದೇವರಾಣೆ ಹೊಳೀಲಿಲ್ಲ."

"ಯಾಕೆ, ದೊಡ್ಡಕ್ಕ?" ಕಡ್ಡಿ ಮೇಜಿನ ಹತ್ತಿರ ಹೋದಳು. "ನಾನೇನು ಮಾಡಿದ್ದೆ ನಿಮಗೆ?"

"ಏನೂ ಮಾಡಿಲ್ಲ. ದಿನಾ ಬಂದು ಎಣ್ಣೆ ಕೈಯಲ್ಲೇ ನನ್ನ ಕೆನ್ನೆ ಮುಟ್ಟಿ, 'ಯಾಕೆ ಮುಖ ಊದಿಸ್ಕೊಂಡಿದ್ದೀರಿ' ಅಂತ ಕೇಳ್ತಿದ್ದೆ. ಇಪ್ಪತ್ತೆರಡು ವರ್ಷದಿಂದ ಈ ಕಿಟಕೀಲಿ ಕೂತಿದ್ದೀನಿ. ಊರೆಲ್ಲ ಸೈಕಲ್ ತಗೊಂಡು ಹೋಗುತ್ತೆ, ಬರುತ್ತೆ. ನಾನು ಹೆಸರು ಬರೀತೀನಿ. ನೀನು ಹೋದ್ರೆ ನಂಗೆ ಉಳಿಯೋದು ಈ ಮೇಜು, ಮತ್ತೆ ಇವನ ಗೊಣಗಾಟ. ಇವತ್ತೊಂದು ದಿನ ತಪ್ಪಿಹೋದ್ರೆ ಸಾಕು, ಆ ಕೆಲಸ ಬೇರೆಯವರ ಪಾಲಾಗುತ್ತೆ ಅನ್ಕೊಂಡೆ."

ಹೊರಗೆ ಎಂಟು ಜನರ ಗಲಗಲ ಶಟರಿನವರೆಗೂ ಬಂದಿತ್ತು.

"ಪೊಲೀಸಿಗೆ..." ಯಜಮಾನ ತೊದಲಿದ.

"ಯಾರ ಮೇಲೆ ದೂರು ಕೊಡ್ತೀರಿ?" ಸಾಹೇಬರು ಕೇಳಿದರು. "ಮೂರು ಗಂಟೆ ಹೊತ್ತು ಬಚ್ಚಿಟ್ಟವರ ಮೇಲಾ? ಆರು ವರ್ಷ ಬಚ್ಚಿಟ್ಟವರ ಮೇಲಾ? ಬರೆದುಕೊಳ್ಳೋರು ಎರಡನ್ನೂ ಬರ್ಕೋತಾರೆ."

ಯಜಮಾನ ಬೆವರು ಒರೆಸಿಕೊಂಡ. ನಡೆದುಹೋಗಿ ಶಟರಿಗೆ ಕೈ ಹಾಕಿದ. ಗರಗರ ಎನ್ನುತ್ತ ಅದು ತಲೆಗಿಂತ ಮೇಲೆದ್ದಿತು. ಮಂಜು ತೆಳುವಾಗಿತ್ತು. ಬೆಳಕು ಒಳಗೆ ಬಂದು ಎಂಟೂ ಸೈಕಲ್‌ಗಳ ಕಡ್ಡಿಗಳನ್ನು ಮುಟ್ಟಿತು.

ಕಡ್ಡಿ ಓಡಲಿಲ್ಲ. ಕೊಕ್ಕೆಯಿಂದ ಸೈಕಲ್‌ಗಳನ್ನು ಒಂದೊಂದಾಗಿ ಇಳಿಸಿ, ಸೀಟು ಒರೆಸಿ, ಬಂದವರ ಎತ್ತರಕ್ಕೆ ಸರಿಮಾಡಿ ಕೊಟ್ಟಳು. ಸಿಟ್ಟು ಇತ್ತು; ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಎಂಟನೆಯವರು ಕಾಲುವೆಯ ಏರಿ ಹತ್ತುವ ಹೊತ್ತಿಗೆ ಎಂಟೂ ಇಪ್ಪತ್ತು.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಮೇಲಿನ ಮನೆಯಲ್ಲಿ ಹೊಲಿಗೆ ಯಂತ್ರದ ಕೆಳಗೆ ಇಟ್ಟಿದ್ದ ಪೆಟ್ಟಿಗೆಯನ್ನು ತೆರೆದು, ಬೇಕಾದದ್ದೊಂದನ್ನೇ ತೆಗೆದುಕೊಂಡು ದೊಡ್ಡಕ್ಕ ಇಳಿದುಬಂದಳು. ಸೆರಗಿನಲ್ಲಿ ಒರೆಸಿದಳು. ತಮ್ಮನ ಮುಖ ನೋಡಲಿಲ್ಲ; ಸಾಹೇಬರ ಮುಖವನ್ನೂ ನೋಡಲಿಲ್ಲ. ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಕಡ್ಡಿಯ ಮುಂದೆ ಹಿಡಿದಳು.

"ಮಡಚಿಲ್ಲ, ನೋಡ್ಕೋ," ಅಂದಳು.