ಎರಡು ಫ್ಯಾನಿನ ಕಾರ್ಡ್

"ಯಾರಿಗೆ ಮೇಡಂ? ತಮ್ಮನಿಗಾ?"

ಅಷ್ಟೇ ಅವನು ಕೇಳಿದ್ದು. ಅವಳಿಗೆ ಮೈಯೆಲ್ಲ ಉರಿದುಹೋಯಿತು!

ಕಂಪ್ಯೂಟರ್ ಬಿಡಿಭಾಗಗಳ ಆ ಪುಟ್ಟ ಅಂಗಡಿಗೆ ಅವಳು ಬಂದದ್ದು ಗೇಮಿನ ಚಿತ್ರ ಸರಾಗವಾಗಿ ಓಡಿಸುವ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು. ಹೊಸ ಬಟ್ಟೆ, ಹೊಸ ಚಪ್ಪಲಿ ಎಲ್ಲಕ್ಕೂ ಮನಸ್ಸು ಗಟ್ಟಿ ಮಾಡಿ 'ಬೇಡ' ಅಂದು ಕೂಡಿಸಿದ ದುಡ್ಡು ಪರ್ಸಿನಲ್ಲಿತ್ತು. ಇವನು ನೋಡಿದರೆ ತಮ್ಮನಂತೆ, ತಮ್ಮ! ಅವಳಿಗೆ ತಮ್ಮನೇ ಇರಲಿಲ್ಲ.

"ಯಾಕೆ? ಹುಡುಗೀರು ಗೇಮ್ ಆಡಬಾರ್ದು ಅಂತ ಕಾನೂನಿದ್ಯಾ?"

"ಅಯ್ಯೋ, ಹಾಗಲ್ಲ ಮೇಡಂ..."

"ಮೊದ್ಲು ನಿಮ್ಮ ಕನ್ನಡಕ ಸರಿ ಮಾಡಿಸ್ಕೊಳ್ಳಿ. ಎದುರಿಗಿರೋರು ಯಾರು ಅಂತ ಆಮೇಲೆ ಕಾಣುತ್ತೆ!"

ಅವನ ಕೈ ತಾನಾಗಿ ಕನ್ನಡಕಕ್ಕೆ ಹೋಯಿತು. ಬಲಗಡೆಯ ಕಡ್ಡಿ ಸಡಿಲವಾಗಿ, ಅದಕ್ಕೆ ಕಪ್ಪು ಟೇಪ್ ಸುತ್ತಿತ್ತು. ದಿನವಿಡೀ ಕನ್ನಡಕದ ಅಂಗಡಿಯಲ್ಲೇ ಕೆಲಸ ಮಾಡುವವಳ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ?

ಅವನು ಪೆಚ್ಚಾಗಿ ನಕ್ಕ. "ತಪ್ಪಾಯ್ತು. ಯಾವ ಗೇಮ್ ಆಡ್ತೀರಿ, ಹೇಳಿ."

ಅಷ್ಟು ಕೇಳಿದ್ದೇ ಸಾಕಾಯಿತು, ಅವಳ ಕೋಪ ಎತ್ತಲೋ ಹೋಯಿತು. "ಕಾರ್ ರೇಸ್! ಭಾನುವಾರ ಆನ್‌ಲೈನಲ್ಲಿ ಆಯ್ಕೆ ಪಂದ್ಯ. ಮೊದಲ ಮೂರು ಜನಾನ ದೊಡ್ಡ ಟೀಮಿಗೆ ತಗೋತಾರೆ. ಆದ್ರೆ ನನ್ನ ಕಂಪ್ಯೂಟರ್ ಇದ್ಯಲ್ಲ... ನೋಡಿ, ಹೀಗೆ ತಿರುವಿಗೆ ಬರ್ತೀನಿ, ಬ್ರೇಕ್ ಒತ್ತಿ ಒಳಗಿನಿಂದ ನುಗ್ಗಬೇಕು..." ಗಾಳಿಯಲ್ಲೇ ಸ್ಟೀರಿಂಗ್ ಹಿಡಿದು, ಭುಜ ವಾಲಿಸಿ ತೋರಿಸಿದಳು. "ಅಷ್ಟರಲ್ಲಿ ಚಿತ್ರ ನಿಂತೇ ಹೋಗುತ್ತೆ! ಮತ್ತೆ ಓಡೋ ಹೊತ್ತಿಗೆ ಕಾರು ಗೋಡೆಗೆ ಗುದ್ದಿರುತ್ತೆ!"

ಅವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಯಾಕೆ ಹೀಗೆ ನೋಡ್ತಾನೆ? ಅವಳು ತಟ್ಟನೆ ಕೈ ಇಳಿಸಿದಳು.

ಗಾಜಿನ ಕಪಾಟಿನಲ್ಲಿ ಮೂರು ಫ್ಯಾನಿನ, ಬಣ್ಣಬಣ್ಣದ ದೀಪದ ಕಾರ್ಡೊಂದು ಮಿಂಚುತ್ತಿತ್ತು. "ಅದು ಎಷ್ಟು?"

"ಅದು ಬೇಡ. ನಿಮ್ಮ ಮಾನಿಟರ್ ಎಷ್ಟು ದೊಡ್ಡದು? ಪವರ್ ಸಪ್ಲೈ ಎಷ್ಟು ವ್ಯಾಟ್?"

ಅವಳು ಹೇಳಿದಳು. ಅವನು ತಲೆಯಾಡಿಸಿದ. "ಇದನ್ನ ಹಾಕಿದ್ರೆ ಪವರ್ ಸಪ್ಲೈನೂ ಹೊಸದು ಬೇಕಾಗುತ್ತೆ. ಅಷ್ಟು ಚಿಕ್ಕ ಮಾನಿಟರಿಗೆ ಇದ್ರ ಅರ್ಧ ಶಕ್ತಿನೂ ಬೇಡ. ದೀಪಕ್ಕೆ ದುಡ್ಡು ಸುರಿದಂಗೆ."

"ಮತ್ತೆ ಈ ಸಣ್ಣದು?"

"ಅದ್ರಲ್ಲಿ ಮೆಮೊರಿ ಕಮ್ಮಿ. ನಿಮ್ಮ ತಿರುವಲ್ಲಿ ಮತ್ತೆ ಕೈಕೊಡುತ್ತೆ." ಅವನು ಏನೋ ಯೋಚಿಸಿದ. "ನಾಳೆ ಬರ್ತೀರಾ? ನಿಮ್ಮ ಬಜೆಟ್ಟಲ್ಲೇ ಒಂದು ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಡ್ತೀನಿ. ಎರಡೇ ಫ್ಯಾನು, ದೀಪಗೀಪ ಇಲ್ಲ. ಆದ್ರೆ ಓಡುತ್ತೆ."

"ಯಾರು ಬಳಸಿದ್ದು?"

"ನನಗೆ ಚೆನ್ನಾಗಿ ಗೊತ್ತಿರೋರು. ಮಗು ಥರ ನೋಡ್ಕೊಂಡಿದಾರೆ."

ಮರುದಿನ ಕಾರ್ಡ್ ಕೊಡುವಾಗ ಅವನು ಮೆಲ್ಲಗೆ ಕೇಳಿದ. "ಮನೆಗೆ ಬಂದು ಜೋಡಿಸಿಕೊಡ್ಲಾ?"

"ಏನೂ ಬೇಡ. ಇದಕ್ಕಿಂತ ಸಣ್ಣ ಸ್ಕ್ರೂ ತಿರುಗಿಸಿ ಅಭ್ಯಾಸ ಇದೆ ನನಗೆ!" ಎಂದು ಜಂಬದಿಂದ ಹೊರಟಳು. ಆ ಜಂಬವೇ ಮುಂದೆ ಅವಳ ಮಾನ ಕಳೆಯಿತು.

ಮನೆಯಲ್ಲಿ ಅಮ್ಮ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. "ಅಷ್ಟು ದುಡ್ಡು ಕೊಟ್ಟು ಇಷ್ಟುದ್ದದ ಫ್ಯಾನ್ ತಂದಿದೀಯಲ್ಲೇ! ಗಾಳಿನಾದ್ರೂ ಬರುತ್ತಾ?"

"ಸುಮ್ನಿರಮ್ಮಾ!"

ಅವಳು ಕಾರ್ಡನ್ನು ಅಚ್ಚುಕಟ್ಟಾಗಿ ಕೂರಿಸಿದಳು. ಕೇಬಲ್‌ಗಳನ್ನೆಲ್ಲ ಸಿಕ್ಕಿಸಿ ಗೇಮ್ ಹಚ್ಚಿದಳು. ಮೊದಲ ತಿರುವು ಬಂತು...

ಚಿತ್ರ ನಿಂತಿತು. ಕಾರು ಗೋಡೆಗೆ ಗುದ್ದಿತು.

ಮತ್ತೆ ಮತ್ತೆ ಆಡಿ ನೋಡಿದಳು. ಮೊದಲಿನಂತೆಯೇ! ಕೈಯಲ್ಲಿದ್ದ ದುಡ್ಡೆಲ್ಲ ಹೋಗಿತ್ತು, ರೇಸಿಗೆ ಉಳಿದದ್ದು ಒಂದೇ ದಿನ. ಅದಕ್ಕಿಂತ ಹೆಚ್ಚಾಗಿ... ಆ ಟೇಪ್ ಸುತ್ತಿದ ಕನ್ನಡಕದ ಹಿಂದಿನ ಕಣ್ಣುಗಳನ್ನು ತಾನು ನಂಬಿದ್ದೆನಲ್ಲ! ಅಳು ಒತ್ತರಿಸಿ ಬಂತು.

ಶನಿವಾರ ಅಂಗಡಿ ತುಂಬ ಗಿರಾಕಿಗಳು. ಕೋಪದಲ್ಲಿ ಅವಳಿಗೆ ಯಾರೂ ಕಾಣಲಿಲ್ಲ.

"ಚೆನ್ನಾಗಿ ಟೋಪಿ ಹಾಕಿದ್ರಿ! ಕೆಟ್ಟುಹೋದ ಕಾರ್ಡನ್ನ ನನ್ನ ತಲೆಗೆ ಕಟ್ಟಿದ್ರಲ್ಲ, ಮಗು ಥರ ನೋಡ್ಕೊಂಡಿದ್ದಂತೆ!"

ಎಲ್ಲರೂ ತಿರುಗಿ ನೋಡಿದರು. ಅವನ ಮುಖ ಬಿಳುಚಿಕೊಂಡಿತು. ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡ. ಗಿರಾಕಿಗಳಿಗೆ ಕೈಮುಗಿದು ಶಟರ್ ಎಳೆದ. "ನಡೀರಿ. ನೋಡೋಣ."

ಅವಳ ಕೋಣೆಯಲ್ಲಿ ಅವನು ಮೇಜಿನ ಪಕ್ಕ ಮಂಡಿಯೂರಿ, ಕಂಪ್ಯೂಟರಿನ ಹಿಂಭಾಗಕ್ಕೆ ಮೊಬೈಲ್ ಬೆಳಕು ಬಿಟ್ಟ.

"ಕಾರ್ಡನ್ನ ತುಂಬ ನೀಟಾಗಿ ಕೂರಿಸಿದೀರಿ," ಎಂದ. ದನಿಯಲ್ಲಿ ನಗುವಿರಲಿಲ್ಲ, ಕೋಪವೂ ಇರಲಿಲ್ಲ. "ಆದ್ರೆ ಮಾನಿಟರಿನ ಕೇಬಲ್ ಹಳೇ ಜಾಗದಲ್ಲೇ ಇದೆ. ಅದನ್ನ ಕಾರ್ಡಿಗೆ ಹಾಕ್ಬೇಕು. ಪಾಪ, ಕಾರ್ಡು ಸುಮ್ನೆ ಕಾಯ್ತಾ ಕೂತಿದೆ. ಯಾರೂ ಅದನ್ನ ಕೆಲ್ಸಕ್ಕೇ ಕರೆದಿಲ್ಲ."

ಕಾರ್ಡೇ ಇಲ್ಲದ ಕಂಪ್ಯೂಟರಿಗೆ ವರ್ಷಗಟ್ಟಲೆ ಕೇಬಲ್ ಸಿಕ್ಕಿಸಿದ ಅವಳ ಕೈ, ರೂಢಿಯಂತೆ ಅದೇ ಮೇಲಿನ ಜಾಗಕ್ಕೆ ಸಿಕ್ಕಿಸಿಬಿಟ್ಟಿತ್ತು!

"ನೀವೇ ಬದಲಾಯಿಸಿ," ಎಂದು ಅವನು ಪಕ್ಕಕ್ಕೆ ಸರಿದ.

ಕೇಬಲ್ ಕಿತ್ತು ಕೆಳಗೆ ಕಾರ್ಡಿಗೆ ಸಿಕ್ಕಿಸಿದಳು. ಗೇಮ್ ಹಚ್ಚಿದಳು. ತಿರುವು ಬಂತು. ಕಾರು ಬೆಣ್ಣೆಯಲ್ಲಿ ಕೂದಲು ಎಳೆದಂತೆ ನುಣ್ಣಗೆ ಒಳಗಿನಿಂದ ನುಗ್ಗಿ ಹೊರಬಂತು!

"ಅಮ್ಮಾ! ಓಡ್ತಿದೆ! ನೋಡಮ್ಮಾ, ಓಡ್ತಿದೆ!"

ಕುಣಿದಾಡಿ ತಿರುಗಿದರೆ ಅವನು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ.

"ನಾನು... ಎಲ್ಲರ ಎದುರು ನಿಮ್ಮನ್ನ..."

"ಅಭ್ಯಾಸ ಮಾಡಿ. ನಾಳೆ ಗೆಲ್ಲಿ." ಅಷ್ಟೇ ಹೇಳಿ ಹೊರಟುಹೋದ.

"ಮನೆಗೆ ಬಂದೋನಿಗೆ ಒಂದು ಲೋಟ ನೀರೂ ಕೊಡ್ಲಿಲ್ವಲ್ಲೇ!" ಎಂದು ಅಮ್ಮ ಬೈದರು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಭಾನುವಾರ ಅವಳು ಕೊನೆಯ ತಿರುವಿನಲ್ಲಿ ಒಬ್ಬನನ್ನು ಹಿಂದಿಕ್ಕಿ ಮೂರನೆಯವಳಾದಳು. ಟೀಮಿಗೆ ಆಯ್ಕೆ! ಅಮ್ಮನನ್ನು ಅಪ್ಪಿಕೊಂಡಳು, ಮುತ್ತು ಕೊಟ್ಟಳು, ಆಮೇಲೆ ತನ್ನ ಕನ್ನಡಕದ ಅಂಗಡಿಯ ಪುಟ್ಟ ಸ್ಕ್ರೂ ಡಬ್ಬಿ ಹಿಡಿದು ಓಡಿದಳು.

ಶಟರ್ ಅರ್ಧ ಎಳೆದಿತ್ತು. ಬಗ್ಗಿ ಒಳಗೆ ಹೋದಳು. ಅವನು ಪುಟ್ಟ ಮೊಬೈಲನ್ನು ಮೂಗಿಗೆ ಹತ್ತಿರ ಹಿಡಿದು ಕೂತಿದ್ದ. ಅದರಲ್ಲಿ ಅವಳದೇ ರೇಸ್ ಮತ್ತೆ ಓಡುತ್ತಿತ್ತು!

"ಅಷ್ಟು ದೊಡ್ಡ ಕಂಪ್ಯೂಟರ್ ಪಕ್ಕದಲ್ಲಿಟ್ಕೊಂಡು ಮೊಬೈಲಲ್ಲಿ ನೋಡೋದಾ?" ಎಂದವಳು ಅಲ್ಲೇ ನಿಂತಳು. ಅವನ ಕಂಪ್ಯೂಟರಿನ ಪಕ್ಕದ ಮುಚ್ಚಳ ತೆಗೆದಿತ್ತು. ಒಳಗೆ ಎರಡು ಫ್ಯಾನಿನ ಉದ್ದದಷ್ಟು ಜಾಗ ಖಾಲಿ. ಕಾರ್ಡಿಲ್ಲದೆ ಪರದೆಯೇ ಬೆಳಗದ ಜಾತಿಯ ಕಂಪ್ಯೂಟರ್ ಅದು.

'ನನಗೆ ಚೆನ್ನಾಗಿ ಗೊತ್ತಿರೋರು...'

"ಅದು ನಿಮ್ಮದೇ ಕಾರ್ಡಾ?" ಅವಳು ಆ ಖಾಲಿ ಜಾಗ ಮುಟ್ಟಿ ನೋಡಿದಳು. "ಯಾಕೆ ಕೊಟ್ರಿ? ಅಷ್ಟು ಬೈದಾಗಲೂ ಯಾಕೆ ಹೇಳ್ಲಿಲ್ಲ?"

ಅವನು ನೆಲ ನೋಡಿದ. "ಗಾಳಿಯಲ್ಲಿ ಸ್ಟೀರಿಂಗ್ ತಿರುಗಿಸಿದ್ರಲ್ಲ... ಆವತ್ತೇ ನಾನು ಸೋತೆ. ಹೇಳಿದ್ರೆ ಋಣ ಅಂತ ನೀವು ಮಾತಾಡ್ತೀರಿ. ನನಗೆ ಅದು ಬೇಡ. ನೀವು ಇಷ್ಟಪಟ್ಟು ಮಾತಾಡ್ಬೇಕು."

ಅವಳ ಕಣ್ಣು ತುಂಬಿತು. ಅವನ ಕನ್ನಡಕ ತೆಗೆದುಕೊಂಡು, ಟೇಪ್ ಬಿಚ್ಚಿ, ಹೊಸ ಸ್ಕ್ರೂ ಬಿಗಿಮಾಡಿದಳು. ಗಾಜು ಒರೆಸಿ, ತಾನೇ ಅವನಿಗೆ ತೊಡಿಸಿದಳು.

"ಈಗ ಎದುರಿಗಿರೋರು ಯಾರು ಅಂತ ಕಾಣುತ್ತಾ?"

"ಕಾಣುತ್ತೆ. ಅಳ್ತಿದಾರೆ."

"ಇಷ್ಟಪಟ್ಟೇ ಮಾತಾಡ್ತಿದೀನಿ," ಎಂದಳು. "ಬೈದಾಗಲೂ ಅಷ್ಟೇ... ಇಷ್ಟ ಇದ್ದಿದ್ದಕ್ಕೇ ಅಷ್ಟು ನೋವಾಗಿದ್ದು."

ಅವನ ಮುಖವೆಲ್ಲ ನಗುವಾಯಿತು. "ಹಾಗಾದ್ರೆ ನನ್ನ ಕಾರ್ಡ್ ವಾಪಸ್ ಕೊಡ್ತೀರಾ?"

"ಕೊಡಲ್ಲ! ಬೇಕಿದ್ರೆ ಮನೆಗೇ ಬಂದು ಆಡಿ."

"ಯಾವತ್ತು ಬರ್ಲಿ?"

"ಇವತ್ತೇ. ಅಮ್ಮ ನೀರಿನ ಲೋಟ ಹಿಡ್ಕೊಂಡು ಕಾಯ್ತಿದಾರೆ."