ಗಿರಣಿಯ ಮುಂದೆ ಚಾರ್ಜಿಗಿಟ್ಟ ಕಾರು

"ಎಷ್ಟು ಕಿಲೋ?" ಎಂದು ಅವನು ಕೇಳಿದ.

ಹಿಟ್ಟಿನ ಗಿರಣಿಯ ಬಾಗಿಲಲ್ಲಿ ನಿಂತವರನ್ನು ಬೇರೇನು ಕೇಳುವುದು? ಒಳಗೆ ಬೀಸುವ ಕಲ್ಲು ಗಡಗಡ ತಿರುಗುತ್ತಿತ್ತು. ನನ್ನ ದನಿಯೋ, ಮನೆಯಲ್ಲಿ ಪಕ್ಕದಲ್ಲೇ ಕೂತವರಿಗೂ ಒಂದೇ ಸಲಕ್ಕೆ ಕೇಳಿಸುವುದಿಲ್ಲ.

"ಕಿಲೋ ಅಲ್ಲ," ಎಂದೆ. "ಸ್ವಲ್ಪ ಕರೆಂಟು ಬೇಕಿತ್ತು."

ಅವನು ಕೈ ಚಾಚಿ ಮೋಟಾರು ನಿಲ್ಲಿಸಿದ. ಕಲ್ಲು ನಿಧಾನವಾಗಿ ಸುಮ್ಮನಾಯಿತು. ಆ ಮೌನದಲ್ಲಿ "ಕಾರಿಗೆ" ಎಂದು ನಾನು ಸೇರಿಸಿದ್ದು ಊರಿಗೆಲ್ಲ ಕೇಳಿಸಿರಬೇಕು.

ಅವನು ನನ್ನನ್ನು ನೋಡಿದ, ಕಾರನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ಹುಬ್ಬು, ರೆಪ್ಪೆ, ಮುಂಗೂದಲು, ಎಲ್ಲದರ ಮೇಲೂ ಹಿಟ್ಟು. ಅಷ್ಟು ಬಿಳಿಯ ನಡುವೆ ಎರಡು ಕಪ್ಪು ಕಣ್ಣುಗಳು ಮಾತ್ರ ನಗುತ್ತಿದ್ದವು.

"ಕೊಡೋಣ. ಚೀಲ ತಂದಿದ್ದೀರಾ?"

ನನಗೆ ನಗು ಬಂದಿತು. ಹೊಸಬರ ಮುಂದೆ ನನಗೆ ನಗು ಬರುವುದೇ ಇಲ್ಲ.

ಪೇಟೆಯಲ್ಲಿ ನಮ್ಮ ದೊಡ್ಡಮ್ಮನ ಕನ್ನಡಕದ ಅಂಗಡಿ ಇದೆ. ಗುಡ್ಡದಾಚೆಯ ಹಳ್ಳಿಗಳಿಗೆ ಹೋಗಿ ಕಣ್ಣು ಪರೀಕ್ಷಿಸಿ, ಅಳತೆ ತಂದು, ಕನ್ನಡಕ ಸಿದ್ಧವಾದ ಮೇಲೆ ತಲುಪಿಸಿ ಬರುವುದು ನಮ್ಮ ಕೆಲಸ. ದೊಡ್ಡಪ್ಪ ಡೀಸೆಲ್ ವ್ಯಾನು ಓಡಿಸುತ್ತಿದ್ದರು, ದೊಡ್ಡಮ್ಮ ಕಣ್ಣು ನೋಡುತ್ತಿದ್ದರು, ಅದೇ ವಿದ್ಯೆಯಲ್ಲಿ ಪದವಿ ಪಡೆದ ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಒರೆಸುತ್ತಿದ್ದೆ. ವ್ಯಾನು ಕಲಿಯಲು ಹೋಗಿದ್ದೆ. ಕ್ಲಚ್ಚಿಗೂ ನನಗೂ ಕೂಡಿಬರಲಿಲ್ಲ. ಏರಿನ ಮಧ್ಯೆ ಇಂಜಿನ್ನು ನಿಂತು, ಹಿಂದಿನವರೆಲ್ಲ ಹಾರ್ನ್ ಹೊಡೆದು, ನಾನು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತು, ಅಲ್ಲಿಗೆ ಆ ಪಾಠ ಮುಗಿದಿತ್ತು.

ದೊಡ್ಡಪ್ಪನ ಬೆನ್ನು ಕೈಕೊಟ್ಟಾಗ ದೊಡ್ಡಮ್ಮ ಒಂದು ತಿಂಗಳ ಮಟ್ಟಿಗೆ ಎಲೆಕ್ಟ್ರಿಕ್ ಕಾರು ಬಾಡಿಗೆಗೆ ತಂದರು. ಗೇರಿಲ್ಲ, ಕ್ಲಚ್ಚಿಲ್ಲ, ಸದ್ದೂ ಇಲ್ಲ. ಕೂತ ಮೊದಲ ದಿನವೇ ನಮ್ಮಿಬ್ಬರಿಗೂ ಹೊಂದಿಕೆಯಾಯಿತು. ಅದಕ್ಕೂ ಮಾತು ಕಮ್ಮಿ. ಅಂಗಡಿಗೆ ದೊಡ್ಡಮ್ಮ, ಹಳ್ಳಿ ಸುತ್ತಿಗೆ ನಾನು ಎಂದಾಯಿತು.

"ಪೇಟೇಲಿ ತರಕಾರಿ ತರೋಕೆ ಸರಿ," ಎಂದು ದೊಡ್ಡಪ್ಪ ಮಂಚದಿಂದಲೇ ತೀರ್ಪು ಕೊಟ್ಟಿದ್ದರು. "ಹಳ್ಳಿ ದಾರಿಗೆ ಇದು ಆಟದ ಸಾಮಾನು. ಒಂದಿನ ನಡುದಾರೀಲಿ ಕೂರುತ್ತೆ, ಆಗ ನನ್ನನ್ನ ಕರೀಬೇಡಿ."

"ತಿಂಗಳು ನೋಡೋಣ," ಎಂದರು ದೊಡ್ಡಮ್ಮ. "ಸರಿಹೋದ್ರೆ ಕೊಂಡುಕೊಳ್ಳೋದು, ಇಲ್ಲದಿದ್ರೆ ವಾಪಸ್ಸು."

ವಾಪಸ್ಸು ಎಂದರೆ ನಾನೂ ವಾಪಸ್ಸು, ಹಿಂದಿನ ಕೋಣೆಗೆ.

ಮೊದಲ ಸುತ್ತಿನಲ್ಲಿ ನಾನು ದಾರಿ ತಪ್ಪಿದೆ. ಗುಡ್ಡ ಹತ್ತಿಳಿದು, ಎದುರುಗಾಳಿಯಲ್ಲಿ ಬಂದು, ಪರದೆಯ ಮೇಲಿನ ಪರ್ಸೆಂಟು ಒಂದಂಕಿಗೆ ಇಳಿದಾಗ ನನ್ನ ಜೀವವೂ ಅಷ್ಟಕ್ಕೇ ಇಳಿದಿತ್ತು. ಆಗ ಕಂಡದ್ದೇ ಈ ಗಿರಣಿ.

ಅವನು ಗೋಡೆಯ ದೊಡ್ಡ ಪ್ಲಗ್ಗು ತೋರಿಸಿದ. ಕಾರಿನ ಜೊತೆ ಬರುವ ಚಾರ್ಜರ್ ಡಬ್ಬಿಯಲ್ಲಿ ಒಂದು ಗುಂಡಿ, ಮೂರು ಹಸಿರು ದೀಪ. ಮೂರೂ ಉರಿದರೆ ಬೇಗ ತುಂಬುತ್ತದೆ, ಒಂದೇ ಉರಿದರೆ ನಿಧಾನ. ಅದನ್ನೆಲ್ಲ ಅವನಿಗೆ ತಡವರಿಸುತ್ತ ವಿವರಿಸಿದೆ.

"ಕರೆಂಟಿಗೆ ಏನು ಕೊಡ್ಬೇಕು?"

"ಡಿಕ್ಕೀಲಿ ಇರೋದೇನು?"

"ಕಣ್ಣು ನೋಡೋ ಸಾಮಾನು."

"ಹಾಗಾದ್ರೆ ನನ್ನ ಕಣ್ಣು ನೋಡಿ. ಲೆಕ್ಕ ಚುಕ್ತಾ."

ಗಿರಣಿಯ ಬಾಗಿಲಿಗೆ ಅಕ್ಷರದ ಹಲಗೆ ತೂಗುಹಾಕಿದೆ. ಕೆಲಸದಲ್ಲಿ ನಾನು ಬೇರೆಯೇ ಮನುಷ್ಯಳು. ಯಾರ ಮುಖವನ್ನೂ ನೆಟ್ಟಗೆ ನೋಡಲಾಗದ ನಾನು ಟಾರ್ಚು ಹಿಡಿದರೆ ಯಾರ ಕಣ್ಣನ್ನಾದರೂ ನೋಡಬಲ್ಲೆ. ಅವನ ಕಣ್ಣುಗಳು ದೂರದಿಂದ ಕಪ್ಪಾಗಿ ಕಂಡಿದ್ದವು. ಹತ್ತಿರದಲ್ಲಿ ಜೇನಿನ ಬಣ್ಣ. ರೆಪ್ಪೆಯ ತುದಿಯಲ್ಲಿ ಒಂದು ಚಿಟಿಕೆ ಹಿಟ್ಟು ಕೂತಿತ್ತು. ಅವನು ಉಸಿರು ಹಿಡಿದಿದ್ದ. ನಾನೂ.

ಅವನು ಕೊನೆಯ ಸಾಲಿನವರೆಗೂ ಸಲೀಸಾಗಿ ಓದಿದ.

"ಏನೂ ತೊಂದರೆ ಇಲ್ಲ," ಎಂದೆ.

"ಸರಿಯಾಗಿ ನೋಡಿದ್ರಾ? ಇನ್ನೊಂದ್ಸಲ ಬೇಕಾದ್ರೂ ನೋಡಿ."

ಅಂದಿನಿಂದ ಅವನಿಗೆ ನಾನು 'ಕನ್ನಡಕದವರು'. ನನಗೆ ಅವನು 'ಗಿರಣಿಯವರು'. ಪ್ರತಿ ಸುತ್ತಿನ ಕೊನೆಗೆ ಅಲ್ಲಿ ನಿಲ್ಲುವುದು ರೂಢಿಯಾಯಿತು. ನಾನು ಬರುವ ಹೊತ್ತಿಗೆ ನೆರಳಲ್ಲಿದ್ದ ಚೀಲಗಳು ಪಕ್ಕಕ್ಕೆ ಸರಿದಿರುತ್ತಿದ್ದವು. ಒಂದು ಕುರ್ಚಿಯ ಮೇಲೆ ಮಾತ್ರ ಹಿಟ್ಟಿರುತ್ತಿರಲಿಲ್ಲ.

"ಕೊಡಿ, ನಾನೇ ಹಾಕ್ತೀನಿ," ಎಂದು ಅವನು ಡಬ್ಬಿ ಇಸಿದುಕೊಳ್ಳುತ್ತಿದ್ದ. "ನಿಮ್ಮ ಕೈಗೆ ಹಿಟ್ಟಾಗುತ್ತೆ."

ಕೊಡುವಾಗ ಬೆರಳಿಗೆ ಬೆರಳು ತಾಕಿ ಹಿಟ್ಟು ಹೇಗೂ ಆಗುತ್ತಿತ್ತು. ಅದನ್ನು ನಾನು ಪೇಟೆಯವರೆಗೂ ಒರೆಸುತ್ತಿರಲಿಲ್ಲ.

ಅವನ ಗಿರಣಿಯಲ್ಲಿ ಡಬ್ಬಿಯ ಒಂದೇ ದೀಪ ಉರಿಯುತ್ತಿತ್ತು. ಹಳ್ಳಿಯ ಕರೆಂಟಿಗೆ ಅಷ್ಟೇ ಶಕ್ತಿ ಅಂದುಕೊಂಡೆ. ಅದರಿಂದ ನನಗೆ ಬೇಸರವೇನೂ ಆಗಲಿಲ್ಲ. ಅವನು ಜೋಳದ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನುಣುಪು ನೋಡುವುದನ್ನು ನಾನು ನೋಡುತ್ತಿದ್ದೆ. ಅವನು ತಲೆಯೆತ್ತಿದಾಗ ಕಾರನ್ನು ನೋಡುತ್ತಿದ್ದೆ.

"ಕಾರು ಎಲ್ಲೂ ಓಡಿಹೋಗಲ್ಲ ಕನ್ನಡಕದವರೇ," ಎನ್ನುತ್ತಿದ್ದ. "ವೈರು ಕಟ್ಟಿದೆ."

ತೊಡಕು ಬಂದದ್ದು ದಾರಿ ನನಗೆ ಪರಿಚಯವಾದ ಮೇಲೆ. ಎಲ್ಲಿ ನಿಧಾನಿಸಬೇಕು, ಯಾವ ಇಳಿಜಾರಲ್ಲಿ ಕಾಲು ತೆಗೆದರೆ ಚಾರ್ಜು ತಾನಾಗಿ ಏರುತ್ತದೆ, ಎಲ್ಲ ತಿಳಿದುಹೋಯಿತು. ಒಂದು ದಿನ ಗಿರಣಿಯ ಹತ್ತಿರ ಬಂದಾಗ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ಯಾವ ಮುಖ ಇಟ್ಟುಕೊಂಡು ಕರೆಂಟು ಕೇಳಲಿ?

ಕಾರು ತಿರುಗಿಸಿದೆ. ನೀರಿನ ಟ್ಯಾಂಕಿರುವ ಗುಡ್ಡದ ಕಡಿದಾದ ದಾರಿ ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಕಿಟಕಿಗಳನ್ನೆಲ್ಲ ತೆರೆದು ಎ.ಸಿ. ಹಾಕಿದೆ. ಹಾಡಹಗಲಲ್ಲಿ ದೀಪ ಹೊತ್ತಿಸಿಕೊಂಡು ಒಬ್ಬಳೇ ಗುಡ್ಡ ಸುತ್ತುವ ಹುಡುಗಿಯನ್ನು ನೋಡಿ ಅಲ್ಲಿನ ಕುರಿಗಳೂ ಮೇಯುವುದು ಬಿಟ್ಟವು. ಪರ್ಸೆಂಟು ಸಾಕಷ್ಟು ಇಳಿದ ಮೇಲೆ ಗಿರಣಿಗೆ ಬಂದು, "ಇವತ್ತೂ ಖಾಲಿ," ಎಂದೆ.

"ಪಾಪ," ಎಂದ ಅವನು, ಬಹಳ ಸಂತೋಷದಿಂದ.

ಆಮೇಲೆ ಪ್ರತಿ ಸುತ್ತಿನಲ್ಲೂ ಅದೇ.

ಮನೆಯಲ್ಲಿ ದೊಡ್ಡಪ್ಪನ ಬೆನ್ನು ಸುಧಾರಿಸುತ್ತಿತ್ತು, ದನಿಯಂತೂ ಪೂರ್ತಿ ಸುಧಾರಿಸಿತ್ತು. "ನಾನು ಹೇಳ್ಲಿಲ್ವಾ? ಹೋಗ್ಬರೋಷ್ಟ್ರಲ್ಲಿ ಖಾಲಿ. ತುಂಬಿಸೋಣ ಅಂದ್ರೆ ಹಳ್ಳೀಲಿ ಕರೆಂಟು ತೊಟ್ಟಿಕ್ಕುತ್ತೆ. ದಾರೀಲೇ ಅರ್ಧ ದಿನ ಕಳೀತಾಳೆ ಹುಡುಗಿ."

"ನನಗೂ ಸರಿಬರ್ತಿಲ್ಲ," ಎಂದರು ದೊಡ್ಡಮ್ಮ. "ಕೊಟ್ಟುಬಿಡೋಣ. ವ್ಯಾನಿಗೆ ಡ್ರೈವರ್ ಇಟ್ರಾಯ್ತು. ಹಳ್ಳಿ ಸುತ್ತೋದು ನಾನೇ ನೋಡ್ಕೋತೀನಿ."

ತಟ್ಟೆಯ ಮುಂದೆ ನನ್ನ ಕೈ ನಿಂತುಹೋಯಿತು. ಗಿರಣಿಯಲ್ಲಿ ಸ್ವಲ್ಪ ಹೊತ್ತು ಕೂರುವ ಆಸೆಗೆ ಗಿರಣಿಯ ದಾರಿಯನ್ನೇ ಕಳೆದುಕೊಂಡಿದ್ದೆ. ಹೇಳಬೇಕೆಂದು ಬಾಯಿ ತೆರೆದೆ. ಏನೆಂದು ಹೇಳುವುದು? ಅನ್ನುವಷ್ಟರಲ್ಲಿ ದೊಡ್ಡಮ್ಮ, "ಕೊಡೋಕೆ ಮುಂಚೆ ನಾನೊಂದ್ಸಲ ಜೊತೆಗೆ ಬರ್ತೀನಿ. ಕಣ್ಣಾರೆ ನೋಡದೆ ಯಾರಿಗೂ ನಂಬರ್ ಬರೆದುಕೊಟ್ಟವಳಲ್ಲ ನಾನು," ಎಂದರು.

ದೊಡ್ಡಮ್ಮ ಪಕ್ಕದಲ್ಲಿ ಕೂತರೆ ಗುಡ್ಡ ಸುತ್ತುವುದೆಲ್ಲಿ ಬಂತು? ಎಲ್ಲ ಹಳ್ಳಿ ಮುಗಿಸಿ ನೇರ ದಾರಿಯಲ್ಲಿ ಬಂದೆ. ಮಳೆ ಕೊರೆದ ಗುಂಡಿಗಳಲ್ಲಿ ಕಾರಿನ ಹೊಟ್ಟೆ ತಾಗದಂತೆ ಓರೆಯಾಗಿ ದಾಟಿಸಿದೆ. ಇಳಿಜಾರಲ್ಲಿ ಪರ್ಸೆಂಟು ಏರಿದ್ದನ್ನು ದೊಡ್ಡಮ್ಮ ಕನ್ನಡಕ ಸರಿಸಿ ನೋಡಿದರು.

ಗಿರಣಿಯ ಮುಂದೆ ಕಾರು ತಾನಾಗಿ ನಿಂತಂತೆ ನಿಂತಿತು. ಅವನು ಕೈ ಒರೆಸುತ್ತ ಓಡಿಬಂದವನು ದೊಡ್ಡಮ್ಮನನ್ನು ಕಂಡು ಅಲ್ಲೇ ನಿಂತ. ಎಂದಿನ ಹಾಗೆ ಒಂದೇ ಕುರ್ಚಿ ಒರೆಸಿಟ್ಟಿದ್ದ. ಒಳಗೆ ಓಡಿ ಇನ್ನೊಂದು ತಂದ.

"ಇವತ್ತೂ ಖಾಲಿನಾ?" ಎಂದ, ನನ್ನನ್ನು ನೋಡದೆ.

"ಅರ್ಧಕ್ಕಿಂತ ಜಾಸ್ತಿ ಇದೆ," ಎಂದರು ದೊಡ್ಡಮ್ಮ. "ಮನೆ ಮುಟ್ಟಿ, ಇನ್ನೂ ಉಳಿಯುತ್ತೆ."

ಅವನ ಮುಖ ಬಾಡಿತು. ಹಿಟ್ಟಿನ ಅಡಿಯಿಂದಲೂ ಅದು ಕಾಣಿಸಿತು.

"ಆದ್ರೂ ಹಾಕಿ. ನಿಮ್ಮೂರ ಕರೆಂಟು ಹೇಗಿದೆ ನೋಡೋಣ."

ಅವನು ಡಬ್ಬಿ ತೆಗೆದುಕೊಂಡು ಪ್ಲಗ್ಗಿಗೆ ಹಾಕಿದ. ಮೂರೂ ದೀಪ ಹೊತ್ತಿಕೊಂಡವು. ಮೂರೂ. ಅವನ ಹೆಬ್ಬೆರಳು ರೂಢಿಯಂತೆ ಗುಂಡಿಯ ಮೇಲೆ ಹೋಯಿತು, ಒತ್ತಿತು, ಮತ್ತೊಮ್ಮೆ ಒತ್ತಿತು. ಒಂದೇ ದೀಪ ಉಳಿಯಿತು.

"ಅದ್ಯಾಕೆ ಒತ್ತಿದ್ರಿ?" ಎಂದರು ದೊಡ್ಡಮ್ಮ.

ಅವನು ಗುಂಡಿಯನ್ನು, ತನ್ನ ಬೆರಳನ್ನು, ಬೇರೆ ಯಾರದೋ ಬೆರಳು ಎಂಬಂತೆ ನೋಡಿದ. ಕಿವಿಗಳು ಕೆಂಪಾದವು.

"ಮೂರು ಉರಿದ್ರೆ ಬೇಗ ತುಂಬುತ್ತಲ್ವಾ?" ದೊಡ್ಡಮ್ಮ ಬಿಡಲಿಲ್ಲ.

"ತುಂಬುತ್ತೆ."

"ಮತ್ತೆ?"

"ಬೇಗ ತುಂಬಿದ್ರೆ..." ಅವನು ಹೆಬ್ಬೆರಳಿನ ಹಿಟ್ಟು ಒರೆಸಿಕೊಂಡ. "ಬೇಗ ಹೊರಟುಬಿಡ್ತಾರೆ."

ದೊಡ್ಡಮ್ಮ ನಿಧಾನವಾಗಿ ನನ್ನ ಕಡೆ ತಿರುಗಿದರು. "ಅವರದ್ದು ಗೊತ್ತಾಯ್ತು. ನಿನ್ನದೇನಮ್ಮಾ? ಇಷ್ಟು ಉಳಿಸಿಕೊಂಡು ಬರೋ ಕಾರು ದಿನಾ ಹೇಗೆ ಖಾಲಿಯಾಗ್ತಿತ್ತು?"

ಕೈಯಲ್ಲಿ ಟಾರ್ಚಿರಲಿಲ್ಲ. ಆದರೂ ನಾನು ತಲೆಯೆತ್ತಿ ಅವನ ಕಣ್ಣನ್ನೇ ನೋಡಿದೆ.

"ಟ್ಯಾಂಕಿನ ಗುಡ್ಡ ಸುತ್ತಿ ಸುತ್ತಿ ನಾನೇ ಖಾಲಿ ಮಾಡ್ಕೊಂಡು ಬರ್ತಿದ್ದೆ," ಎಂದೆ. ನನ್ನ ದನಿ ನನಗೇ ಸ್ಪಷ್ಟವಾಗಿ ಕೇಳಿಸಿತು. "ಖಾಲಿಯಾಗದಿದ್ರೆ ಇಲ್ಲಿ ನಿಲ್ಲೋಕೆ ನೆಪ ಇರ್ಲಿಲ್ಲ."

ಜೇನಿನ ಬಣ್ಣದ ಆ ಕಣ್ಣುಗಳು ಒಂದು ಗಳಿಗೆ ರೆಪ್ಪೆ ಬಡಿಯಲಿಲ್ಲ. ಆಮೇಲೆ ಅವನು ನಕ್ಕ, ಹುಬ್ಬಿನಿಂದ ಹಿಟ್ಟು ಉದುರುವಷ್ಟು.

"ಕುರಿ ಕಾಯೋರು ಹೇಳ್ತಿದ್ರು, ಯಾವುದೋ ಕಾರು ಹಗಲಲ್ಲಿ ದೀಪ ಹಾಕ್ಕೊಂಡು ಗುಡ್ಡ ಸುತ್ತುತ್ತೆ ಅಂತ. ಅದು ನೀವಾ?"

ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಫೋನು ತೆಗೆದು ದೊಡ್ಡಪ್ಪನಿಗೆ ಕರೆ ಮಾಡಿದರು.

"ಹಲೋ. ಕಾರು ನೋಡಿದೆ. ದಾರೀಲಿ ಗುಂಡಿ ಬಂದಲ್ಲಿ ಸ್ವಲ್ಪ ಜೋಪಾನ ಬೇಕು, ಅಷ್ಟೆ. ಹಳ್ಳಿಗೆ ಚೆನ್ನಾಗೇ ಸರಿಹೋಗುತ್ತೆ. ಕರೆಂಟೂ ಸರಿಯಾಗಿದೆ. ಸರಿಯಿಲ್ಲದಿರೋರು ಇಲ್ಲಿ ಬೇರೆ ಇಬ್ಬರಿದ್ದಾರೆ, ಮನೆಗೆ ಬಂದು ಹೇಳ್ತೀನಿ."

ಫೋನು ಚೀಲಕ್ಕೆ ಹಾಕಿ, "ಒಳಗೆ ಜೋಳ ಬೀಸಿಸೋಕೆ ಬಂದಿರೋ ಅಜ್ಜಿ ಕಣ್ಣು ಕಿರಿದು ಮಾಡಿ ನೋಡ್ತಿದ್ದಾರೆ. ಒಂದ್ಸಲ ಪರೀಕ್ಷೆ ಮಾಡ್ತೀನಿ," ಎಂದು ಅಕ್ಷರದ ಹಲಗೆ ತೆಗೆದುಕೊಂಡು ಹೋದರು. ಹೋಗುತ್ತ ಅವನಿಗೆ, "ಭಾನುವಾರ ಮನೆಗೆ ಬನ್ನಿ. ಕೈಮುಖ ತೊಳ್ಕೊಂಡು ಬನ್ನಿ, ಮುಖ ಹೇಗಿದೆ ಅಂತ ನಾವೂ ನೋಡ್ಬೇಕಲ್ಲ," ಎಂದರು.

ನಾವಿಬ್ಬರೇ ಉಳಿದೆವು. ಡಬ್ಬಿ ಇನ್ನೂ ಅವನ ಕೈಯಲ್ಲೇ ಇತ್ತು, ಹೆಬ್ಬೆರಳು ಗುಂಡಿಯ ಪಕ್ಕದಲ್ಲಿ.

"ಕನ್ನಡಕದವರೇ," ಎಂದ ಮೆಲ್ಲಗೆ. "ಎಷ್ಟು ದೀಪ ಇಡ್ಲಿ?"

ನಾನು ಹಿಟ್ಟಿಲ್ಲದ ಕುರ್ಚಿಯನ್ನು ಬಿಟ್ಟು ಅವನ ಪಕ್ಕದಲ್ಲಿದ್ದ ಹಿಟ್ಟಿನ ಚೀಲದ ಮೇಲೆ ಕೂತೆ.

"ಒಂದೇ ಸಾಕು," ಎಂದೆ.